ಪಾಸ್‌ವರ್ಡ್ ಕೇಳದ ಲಾಗಿನ್

ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರ್ ಶುರುವಾಯಿತು. ಸಾಮರ್ಥ್ಯ 3.3 ಪೆಟಾಫ್ಲಾಪ್ಸ್. ಅದನ್ನು ಬಳಸುವ ಸಂಶೋಧಕರು ಯಂತ್ರದ ಮುಂದೆ ಹೋಗಿ ಕೂರುವುದಿಲ್ಲ. ತಾವಿದ್ದಲ್ಲಿಂದಲೇ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸೇರಿಸುವ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗುತ್ತಾರೆ. ಮಾನ್ಯತಾ ಟೆಕ್ ಪಾರ್ಕಿನ ಉದ್ಯೋಗಿಗೂ ಬೆಳಗ್ಗೆ ಹೆಬ್ಬಾಳದ ಫ್ಲೈಓವರ್ ದಾಟುವುದಕ್ಕಿಂತ ಯಲಹಂಕದ ಮನೆಯಿಂದ ಆಫೀಸಿನ ಲಿನಕ್ಸ್ ಯಂತ್ರದೊಳಕ್ಕೆ ಹೋಗುವುದೇ ಸಲೀಸು.

ಆದರೆ ಪ್ರತಿ ಸಲವೂ ಪಾಸ್‌ವರ್ಡ್ ಒತ್ತಬೇಕು. ಅದು ಬರೀ ಕಿರಿಕಿರಿ ಎಂದುಕೊಳ್ಳಬೇಡಿ. ಊಹಿಸಬಹುದಾದ ಪಾಸ್‌ವರ್ಡ್ ಇರುವ ಸರ್ವರನ್ನು ಇಂಟರ್ನೆಟ್ಟಿಗೆ ತೆರೆದಿಟ್ಟರೆ, ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ತಟ್ಟುತ್ತಾ ತಿರುಗುವ ಬಾಟ್‌ಗಳು ಇವತ್ತಲ್ಲ ನಾಳೆ ಒಳಗೆ ಬರುತ್ತವೆ. ಎಸ್‌ಎಸ್‌ಎಚ್ ಹುಟ್ಟಿದ್ದೂ ಪಾಸ್‌ವರ್ಡ್ ಕಳವಿನಿಂದಲೇ: 1995ರಲ್ಲಿ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದಾಗ, ಅಲ್ಲಿದ್ದ ತಾತು ಯಲೋನೆನ್ ಇದನ್ನು ಬರೆದರು.

ಪಾಸ್‌ವರ್ಡಿನ ಬದಲು ಇಲ್ಲಿ ಕೆಲಸ ಮಾಡುವುದು ಕೀಗಳ ಜೋಡಿ. ಬ್ಯಾಂಕಿನಲ್ಲಿ ಮಾದರಿ ಸಹಿ ಕೊಟ್ಟಿರುತ್ತೇವಲ್ಲ, ಪಬ್ಲಿಕ್ ಕೀ ಹಾಗೆ ಸರ್ವರಿನಲ್ಲಿರುತ್ತದೆ. ಸಹಿ ಹಾಕುವ ಪ್ರೈವೇಟ್ ಕೀ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೋಗುವುದೇ ಇಲ್ಲ. ಪ್ರತಿ ಲಾಗಿನ್ನಿಗೂ ಹೊಸ ಸಹಿ ಬೀಳುವುದರಿಂದ, ದಾರಿಯಲ್ಲಿ ಯಾರಾದರೂ ಅದನ್ನು ಹಿಡಿದಿಟ್ಟುಕೊಂಡರೂ ಮತ್ತೆ ಬಳಸಲಾಗದು.

ಮಾಡುವ ಕೆಲಸ ಎರಡೇ. (ಕಮಾಂಡುಗಳನ್ನು ಉಚ್ಚಾರಣೆಯಂತೆ ಬರೆದಿದ್ದೇನೆ; ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ.) ಮೊದಲು ನಿಮ್ಮ ಲ್ಯಾಪ್‌ಟಾಪಿನಲ್ಲಿ ‘ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519’ ಎಂದು ಕೊಡಿ. ಪಾಸ್‌ಫ್ರೇಸ್ ಕೇಳಿದಾಗ ಹೆಚ್ಚಿನವರು ಸುಮ್ಮನೆ ಎಂಟರ್ ಒತ್ತುತ್ತಾರೆ. ಒತ್ತಬೇಡಿ. ಪಾಸ್‌ಫ್ರೇಸ್ ಇಲ್ಲದ ಪ್ರೈವೇಟ್ ಕೀ ಕಳ್ಳನ ಕೈಗೆ ಸಿಕ್ಕರೆ ಸರ್ವರ್ ಕೂಡ ಸಿಕ್ಕಂತೆಯೇ. ಪಾಸ್‌ಫ್ರೇಸ್ ಇಟ್ಟು, ತೆರೆದ ಕೀಯನ್ನು ನೆನಪಿಟ್ಟುಕೊಳ್ಳುವ ಎಸ್‌ಎಸ್‌ಎಚ್-ಏಜೆಂಟಿಗೆ ಒಪ್ಪಿಸಿದರೆ ದಿನಕ್ಕೆ ಒಂದು ಸಲ ಒತ್ತಿದರೆ ಸಾಕು. ಆಮೇಲೆ ‘ಎಸ್‌ಎಸ್‌ಎಚ್-ಕಾಪಿ-ಐಡಿ’ ಎಂದು ಬರೆದು, ಮುಂದೆ ಯೂಸರ್ ಹೆಸರು, ಅಟ್ ಚಿಹ್ನೆ, ಸರ್ವರಿನ ವಿಳಾಸ ಕೊಡಿ. ಕಡೆಯ ಸಲ ಪಾಸ್‌ವರ್ಡ್ ಕೇಳುತ್ತದೆ. ಪಬ್ಲಿಕ್ ಕೀ ಹೋಗಿ ಸರ್ವರಿನ ‘ಡಾಟ್ ಎಸ್‌ಎಸ್‌ಎಚ್’ ಫೋಲ್ಡರಿನ ‘ಆಥರೈಸ್ಡ್ ಕೀಸ್’ ಫೈಲಿನಲ್ಲಿ ಒಂದು ಸಾಲಾಗಿ ಕೂರುತ್ತದೆ.

ಇಷ್ಟಾದರೂ ಸರ್ವರ್ ಮತ್ತೆ ಪಾಸ್‌ವರ್ಡೇ ಕೇಳುತ್ತಿದೆಯೇ? ಹೆಚ್ಚಿನ ಸಲ ತಪ್ಪು ಕೀಯದ್ದಲ್ಲ, ಪರ್ಮಿಷನ್ನಿನದು. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿಗೆ 700, ಆಥರೈಸ್ಡ್ ಕೀಸ್ ಫೈಲಿಗೆ 600 ಇರಲಿ. ಹೋಮ್ ಡೈರೆಕ್ಟರಿಯಲ್ಲಿ ನಿಮ್ಮನ್ನು ಬಿಟ್ಟು ಬೇರೆಯವರಿಗೆ ಬರೆಯುವ ಹಕ್ಕು ಇರಕೂಡದು. ಏನೋ ಓಡುತ್ತಿಲ್ಲವೆಂದು ಎಂದೋ ‘ಚ್‌ಮಾಡ್ 777’ ಹೊಡೆದು ಮರೆತಿರುತ್ತೇವೆ. ಸರ್ವರ್ ಅದನ್ನು ನೋಡಿ ಕೀಯನ್ನೇ ಪಕ್ಕಕ್ಕಿಡುತ್ತದೆ. ನಮಗೆ ಕಾರಣ ಹೇಳುವುದಿಲ್ಲ, ತನ್ನ ಲಾಗ್‌ನಲ್ಲಿ ಮಾತ್ರ ಬರೆದುಕೊಳ್ಳುತ್ತದೆ. ನಿಮ್ಮ ಕಡೆಯಿಂದ ಯಾವ ಕೀ ಹೋಗುತ್ತಿದೆ ಎಂದು ನೋಡಲು ಎಸ್‌ಎಸ್‌ಎಚ್ ಜೊತೆ ‘-ವಿ’ ಸೇರಿಸಿ.

ರಾತ್ರಿ ತಾನಾಗಿ ಬ್ಯಾಕಪ್ ತೆಗೆಯುವ ಸ್ಕ್ರಿಪ್ಟಿಗೆ ಪಾಸ್‌ಫ್ರೇಸ್ ಒತ್ತಿಕೊಡುವವರು ಯಾರೂ ಇರುವುದಿಲ್ಲ. ಅದಕ್ಕೆ ಮಾತ್ರ ಪಾಸ್‌ಫ್ರೇಸ್ ಇಲ್ಲದ ಬೇರೆಯೇ ಕೀ ಮಾಡಿ. ಆಥರೈಸ್ಡ್ ಕೀಸ್ ಫೈಲಿನಲ್ಲಿ ಆ ಕೀಯ ಸಾಲಿನ ಆರಂಭದಲ್ಲಿ ‘ಫ್ರಮ್’ ಎಂದು ಬರೆದರೆ ಯಾವ ವಿಳಾಸದಿಂದ ಬರಬಹುದು, ‘ಕಮಾಂಡ್’ ಎಂದು ಬರೆದರೆ ಯಾವ ಒಂದು ಕೆಲಸ ಮಾಡಬಹುದು ಎಂದು ಕಟ್ಟುಹಾಕಬಹುದು.

ಆಫೀಸು, ಕಾಲೇಜಿನ ಯಂತ್ರಗಳಲ್ಲಿ ಅಲ್ಲಿನ ಅಡ್ಮಿನ್ನನ್ನು ಕೇಳಿಯೇ ಕೀ ಹಾಕಿ. ಕೆಲವೆಡೆ ನಿಯಮವೇ ಬೇರೆ. ಸರ್ವರ್ ನಿಮ್ಮದೇ ಆಗಿದ್ದರೆ, ಕೀ ಕೆಲಸ ಮಾಡಿದ ಮೇಲೆ ‘ಎಸ್‌ಎಸ್‌ಎಚ್‌ಡಿ ಕಾನ್ಫಿಗ್’ ಫೈಲಿನಲ್ಲಿ ‘ಪಾಸ್‌ವರ್ಡ್ ಆಥೆಂಟಿಕೇಷನ್’ ಎದುರು ‘ನೋ’ ಎಂದು ಬರೆದು ಸರ್ವಿಸನ್ನು ರೀಲೋಡ್ ಮಾಡಿ. ಬಾಟ್‌ಗಳ ಕಾಟಕ್ಕೆ ಇದೇ ಮದ್ದು. ಆದರೆ ಈಗ ತೆರೆದಿರುವ ಟರ್ಮಿನಲ್ ಮುಚ್ಚುವ ಮುನ್ನ ಇನ್ನೊಂದು ವಿಂಡೋದಿಂದ ಲಾಗಿನ್ ಆಗಿ ನೋಡಿಕೊಳ್ಳಿ.