ಗಣಕಯಂತ್ರದ ನಿದ್ರೆ ಕೆಡುವುದೇಕೆ?

ನಿದ್ರಾಸ್ಥಿತಿಗೆ ಇಳಿದ ಗಣಕಯಂತ್ರದ ಪರದೆ ಕಪ್ಪಾಗಿ, ಫ್ಯಾನಿನ ಸದ್ದಡಗಿ, ಲೆಕ್ಕಾಚಾರ ನಡೆಸುವ ಪ್ರೊಸೆಸರಿಗೆ ಹೋಗುವ ವಿದ್ಯುತ್ತು ನಿಂತ ಮೇಲೂ ಅದರೊಳಗೆ ಒಂದು ಕೆಲಸ ಬಿಡುವಿಲ್ಲದೆ ಸಾಗಿರುತ್ತದೆ. ತೆರೆದಿಟ್ಟ ಕಡತ, ಅರ್ಧ ತುಂಬಿದ ಅರ್ಜಿ, ಇನ್ನೂ ಉಳಿಸದ ಲೆಕ್ಕಪಟ್ಟಿ ಎಲ್ಲವೂ ರ‍್ಯಾಮ್ ಎಂಬ ತಾತ್ಕಾಲಿಕ ಸ್ಮೃತಿಯಲ್ಲಿ, ಅಂದರೆ ಕೋಟ್ಯಂತರ ಅತಿಸೂಕ್ಷ್ಮ ಕೆಪಾಸಿಟರ್‌ಗಳ ವಿದ್ಯುದಾವೇಶವಾಗಿ ಉಳಿದಿರುತ್ತವೆ. ಆ ಆವೇಶ ತಾನಾಗಿಯೇ ಸೋರಿಹೋಗುವುದರಿಂದ ಪ್ರತಿಯೊಂದು ಕೋಶವನ್ನೂ ಸಾಮಾನ್ಯವಾಗಿ 64 ಮಿಲಿಸೆಕೆಂಡುಗಳೊಳಗೆ ಒಮ್ಮೆ ಓದಿ ಮರಳಿ ತುಂಬಬೇಕಾಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿ ಸೀಮೆಯ ರೇಷ್ಮೆ ಬೆಳೆಗಾರರು ಇಂಥ ಸ್ಥಿತಿಯನ್ನು ಪ್ರತಿ ಬೆಳೆಯಲ್ಲೂ ನಾಲ್ಕು ಸಲ ನೋಡುತ್ತಾರೆ: ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿ, ಅಲುಗದೆ ಇರುತ್ತದಾದರೂ ಹಳೆಯ ಪೊರೆಯ ಅಡಿಯಲ್ಲಿ ಹೊಸ ಚರ್ಮ ಸಿದ್ಧವಾಗುತ್ತಿರುತ್ತದೆ, ಮತ್ತು ಆ ಹೊತ್ತಿನಲ್ಲಿ ಅದನ್ನು ಕದಲಿಸಬಾರದೆಂಬುದು ಮನೆಯ ಮಕ್ಕಳಿಗೂ ಗೊತ್ತಿರುತ್ತದೆ. ಗಣಕದ ನಿದ್ರೆಗೂ ಅಷ್ಟೇ ಕಾವಲು ಬೇಕು.

ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ, ಎಂದರೆ ಯಂತ್ರದ ಎಲ್ಲ ಭಾಗಗಳನ್ನೂ ನಡೆಸುವ ಮೂಲ ತಂತ್ರಾಂಶಕ್ಕೆ, ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಚಿಕ್ಕಬಳ್ಳಾಪುರದಂಥ ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿಯ ಪಹಣಿ-ಪ್ರಮಾಣಪತ್ರಗಳಿಂದ ಹಿಡಿದು ಹಾಲಿನ ಡೇರಿಯ ಲೆಕ್ಕ, ಗೂಡಿನ ಮಾರುಕಟ್ಟೆಯ ಇ-ಹರಾಜು, ಎಪಿಎಂಸಿ ಮಂಡಿಯ ಬಿಲ್ಲಿನವರೆಗೆ ದಿನನಿತ್ಯದ ವ್ಯವಹಾರ ಗಣಕವನ್ನೇ ನಂಬಿರುವುದರಿಂದ ವಿಂಡೋಸ್ 11ಕ್ಕೆ ಏರುವುದು ಇಲ್ಲಿ ದೂರದ ಸುದ್ದಿಯಾಗಿ ಉಳಿಯುವುದಿಲ್ಲ. ಹಾಗೆ ಏರಿಸಿದ ಯಂತ್ರಗಳಲ್ಲಿ ಎದುರಾಗುವ ನಿದ್ರಾದೋಷಗಳು ಮೂರು ಬಗೆಯವು: ಯಂತ್ರ ಮಲಗುವುದೇ ಇಲ್ಲ, ಮಲಗಿದ್ದು ಹೊತ್ತಲ್ಲದ ಹೊತ್ತಿನಲ್ಲಿ ಏಳುತ್ತದೆ, ಅಥವಾ ಮಲಗಿದ್ದು ಎಷ್ಟು ಗುಂಡಿ ಒತ್ತಿದರೂ ಏಳುವುದಿಲ್ಲ. ಮೂರಕ್ಕೂ ಊರಿನ ರಿಪೇರಿ ಅಂಗಡಿಗಳಲ್ಲಿ ಸಿಗುವ ಸಲಹೆ ಮಾತ್ರ ಒಂದೇ, ಫಾರ್ಮ್ಯಾಟ್ ಮಾಡಿಸಿಬಿಡಿ ಎಂಬುದು. ಬಹುಪಾಲು ಸಂದರ್ಭಗಳಲ್ಲಿ ಆ ಸಲಹೆ ಅನಗತ್ಯ. ದೋಷವಿರುವ ಜಾಗವನ್ನು ಮುಟ್ಟದೆ, ದೋಷವಿಲ್ಲದ ಕಡತಗಳನ್ನು ಅದು ಅಪಾಯಕ್ಕೆ ಒಡ್ಡುತ್ತದೆ.

ದೋಷದ ನೆಲೆಯನ್ನು ತಿಳಿಯಲು ನಿದ್ರೆಯ ಏರ್ಪಾಡು ಬೆಳೆದುಬಂದ ಬಗೆಯನ್ನು ನೋಡಬೇಕು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಗಳು ರೂಪಿಸಿದ ಎಪಿಎಂ ಎಂಬ ವಿಧಾನದಲ್ಲಿ ಯಂತ್ರವನ್ನು ಮಲಗಿಸುವ ಅಧಿಕಾರ ಹೆಚ್ಚಾಗಿ ಬಯಾಸ್ ಬಳಿಯಿತ್ತು. ಬಯಾಸ್ ಎಂದರೆ ಮದರ್‌ಬೋರ್ಡಿನ ಚಿಪ್ಪಿನಲ್ಲೇ ಕೂತಿರುವ, ಯಂತ್ರ ಚಾಲೂ ಆದ ಕೂಡಲೇ ಮೊದಲು ಎಚ್ಚರಗೊಳ್ಳುವ ಚಿಕ್ಕ ತಂತ್ರಾಂಶ. ಬಳಕೆದಾರ ಏನು ಮಾಡುತ್ತಿದ್ದಾನೆಂಬುದು ಬಯಾಸಿಗೆ ಕಾಣುತ್ತಿರಲಿಲ್ಲವಾದ್ದರಿಂದ, 1996ರ ಡಿಸೆಂಬರಿನಲ್ಲಿ ತೊಷಿಬಾ ಸಂಸ್ಥೆಯೂ ಜೊತೆಗೂಡಿ ಹೊರತಂದ ಎಸಿಪಿಐ ಎಂಬ ಮಾನದಂಡವು ಆ ಅಧಿಕಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ವರ್ಗಾಯಿಸಿ, ಯಂತ್ರದ ಭಾಗಗಳನ್ನು ಮಲಗಿಸುವ ಮತ್ತು ಎಬ್ಬಿಸುವ ವಿವರಗಳನ್ನು ಕೋಷ್ಟಕಗಳ ರೂಪದಲ್ಲಿ ಒದಗಿಸುವ ಹೊಣೆಯನ್ನು ಬಯಾಸಿಗೆ ಬಿಟ್ಟಿತು. ಇದೇ ಮಾನದಂಡದಲ್ಲಿ ನಿದ್ರೆಯ ಹಂತಗಳಿಗೆ ಹೆಸರು ಬಂದಿತು. ರ‍್ಯಾಮ್ ಒಂದಕ್ಕೆ ವಿದ್ಯುತ್ತು ಉಳಿಸಿ ಉಳಿದುದನ್ನೆಲ್ಲ ನಿಲ್ಲಿಸುವುದು ಎಸ್3, ಇದೇ ವಾಡಿಕೆಯ ಸ್ಲೀಪ್. ರ‍್ಯಾಮ್‌ನಲ್ಲಿರುವುದನ್ನು ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ನಿಲ್ಲಿಸುವುದು ಎಸ್4, ಇದು ಹೈಬರ್ನೇಟ್ ಎಂಬ ದೀರ್ಘನಿದ್ರೆ. ಎಸ್3ರಿಂದ ಯಂತ್ರ ಒಂದೆರಡು ಸೆಕೆಂಡಿನಲ್ಲಿ ಏಳುತ್ತದೆ, ಆದರೆ ವಿದ್ಯುತ್ತು ಹೋದರೆ ಎಲ್ಲವೂ ಅಳಿಸಿಹೋಗುತ್ತದೆ. ಎಸ್4ರಿಂದ ಏಳುವುದು ತಡವಾದರೂ ಬರೆದಿಟ್ಟದ್ದು ಎಷ್ಟು ದಿನವಾದರೂ ಇರುತ್ತದೆ.

ಹೀಗಾಗಿ ಗಣಕದ ನಿದ್ರೆ ಎಂಬುದು ಬಯಾಸ್, ಕಾರ್ಯಾಚರಣ ವ್ಯವಸ್ಥೆ ಮತ್ತು ಚಾಲಕ ತಂತ್ರಾಂಶಗಳ ನಡುವಿನ ಒಡಂಬಡಿಕೆ. ಚಾಲಕ ತಂತ್ರಾಂಶ ಅಥವಾ ಡ್ರೈವರ್ ಎಂದರೆ ಪ್ರಿಂಟರ್, ಗ್ರಾಫಿಕ್ಸ್ ಚಿಪ್, ಬೆರಳಚ್ಚು ಸಾಧನ ಮೊದಲಾದ ಒಂದೊಂದು ಉಪಕರಣವನ್ನೂ ವ್ಯವಸ್ಥೆಗೆ ಪರಿಚಯಿಸುವ ಮಧ್ಯವರ್ತಿ. ಮಲಗುವ ಹೊತ್ತಿಗೆ ವ್ಯವಸ್ಥೆಯು ಪ್ರತಿಯೊಂದು ಡ್ರೈವರಿಗೂ ಸೂಚನೆ ಕಳುಹಿಸಿ, ಎಲ್ಲ ಕಡೆಯಿಂದ ಒಪ್ಪಿಗೆ ಬಂದ ಮೇಲೆ ಮುಂದುವರಿಯುತ್ತದೆ. ಒಂದೇ ಒಂದು ಡ್ರೈವರ್ ಉತ್ತರಿಸದೆ ಕೂತರೂ ಇಡೀ ಯಂತ್ರ ಅತ್ತ ಮಲಗದೆ ಇತ್ತ ಏಳದೆ ನಿಂತುಬಿಡಬಹುದು, ಮತ್ತು ವಿಂಡೋಸ್ ಅದನ್ನು ‘ಡ್ರೈವರ್ ಪವರ್ ಸ್ಟೇಟ್ ಫೇಲ್ಯೂರ್’ ಎಂಬ ದೋಷಸಂದೇಶವಾಗಿ ತೋರಿಸುತ್ತದೆ. ವ್ಯವಸ್ಥೆಯನ್ನು ಮೇಲ್ದರ್ಜೆಗೆ ಏರಿಸಿದಾಗ ಈ ಮೂವರಲ್ಲಿ ಒಬ್ಬರು ಪೂರ್ತಿ ಬದಲಾಗಿ, ಇನ್ನೊಬ್ಬರು ಅರೆಬರೆ ಬದಲಾಗಿ, ಬಯಾಸ್ ಮಾತ್ರ ಹಳೆಯದೇ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ, ಮತ್ತು ಇಡೀ ವಿಷಯದಲ್ಲಿ ಹೆಚ್ಚು ಗಮನ ಬೇಡುವುದು ಇದೇ. ಎಸಿಪಿಐ ಕೋಷ್ಟಕಗಳಲ್ಲಿ ಬರಿಯ ಮಾಹಿತಿಯಷ್ಟೇ ಇರದೆ ವ್ಯವಸ್ಥೆಯು ಓದಿ ನಡೆಸಬೇಕಾದ ಪುಟ್ಟ ಆಜ್ಞಾಸರಣಿಗಳೂ ಇರುತ್ತವೆ. ಅವುಗಳ ಮೂಲಕ ಬಯಾಸ್ ‘ಈ ಯಂತ್ರವನ್ನು ನಡೆಸುತ್ತಿರುವುದು ವಿಂಡೋಸಿನ ಯಾವ ಪೀಳಿಗೆ’ ಎಂದು ಕೇಳಿ, ಬಂದ ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ದಾರಿ ಹಿಡಿಯಬಲ್ಲದು. ಆದ್ದರಿಂದ ಒಂದೇ ಮದರ್‌ಬೋರ್ಡು, ಒಂದೇ ಬಯಾಸ್ ಇದ್ದರೂ ಹೊಸ ವ್ಯವಸ್ಥೆಯ ಹೆಸರು ಕೇಳಿದೊಡನೆ ಅದುವರೆಗೆ ಬಳಕೆಗೇ ಬಾರದ, ತಯಾರಕರು ಹೆಚ್ಚು ಪರೀಕ್ಷಿಸಿರದ ಆಜ್ಞೆಗಳು ಜೀವಂತವಾಗುವ ಸಂಭವವಿದೆ. ಬಹುತೇಕ ತಯಾರಕರು ತಮ್ಮ ಯಂತ್ರಗಳನ್ನು ವಿಂಡೋಸಿನೊಂದಿಗೆ ಮಾತ್ರ ಪರೀಕ್ಷಿಸುವುದರಿಂದ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ ಕೂಡ ಈ ಪ್ರಶ್ನೆಗೆ ತಾನು ವಿಂಡೋಸ್ ಎಂದೇ ಉತ್ತರ ಕೊಡುತ್ತದೆ. ಹಾರ್ಡ್‌ವೇರ್ ಕೆಟ್ಟಿಲ್ಲ, ತಂತ್ರಾಂಶವೂ ಹೊಸದು, ಆದರೂ ನಿದ್ರೆ ಕೆಟ್ಟಿದೆ ಎಂಬ ಒಗಟಿಗೆ ಎಷ್ಟೋ ವೇಳೆ ಉತ್ತರ ಇಲ್ಲಿರುತ್ತದೆ, ಮತ್ತು ಇಂಥ ದೋಷವನ್ನು ಫಾರ್ಮ್ಯಾಟ್ ನಿವಾರಿಸಲಾರದು, ತಯಾರಕರು ಕೊಡುವ ಬಯಾಸ್ ಪರಿಷ್ಕರಣೆ ನಿವಾರಿಸಬಹುದು.

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಹೊಸ ಪೀಳಿಗೆಯ ಪ್ರೊಸೆಸರೂ ಬೇಕಾದ್ದರಿಂದ ಹಲವರು ವ್ಯವಸ್ಥೆಯ ಜೊತೆಗೆ ಲ್ಯಾಪ್‌ಟಾಪನ್ನೇ ಬದಲಿಸಬೇಕಾಗುತ್ತದೆ. ಆಗ ನಿದ್ರೆಯ ಬಗೆಯೇ ಬದಲಾಗಿರುತ್ತದೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಅನೇಕವು ಎಸ್3ನ್ನು ಕೈಬಿಟ್ಟು ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಸ್ಥಿತಿಯನ್ನು ಅಳವಡಿಸಿಕೊಂಡಿವೆ. ಈ ಸ್ಥಿತಿಯಲ್ಲಿ ಪರದೆ ಆರಿದರೂ ವ್ಯವಸ್ಥೆ ಅತಿ ಕಡಿಮೆ ವಿದ್ಯುತ್ತಿನಲ್ಲಿ ಎಚ್ಚರವಾಗಿಯೇ ಇದ್ದು, ನಡುನಡುವೆ ಅಂತರ್ಜಾಲವನ್ನು ಮುಟ್ಟಿ ಅಂಚೆ, ಸೂಚನೆ, ಪರಿಷ್ಕರಣೆಗಳನ್ನು ತರುತ್ತದೆ. ಮುಚ್ಚಿ ಚೀಲಕ್ಕಿಟ್ಟ ಲ್ಯಾಪ್‌ಟಾಪು ಚಿಂತಾಮಣಿಯಿಂದ ಬೆಂಗಳೂರು ಸೇರುವಷ್ಟರಲ್ಲಿ ಬಿಸಿಯಾಗಿ ಬ್ಯಾಟರಿ ಇಳಿದಿದ್ದರೆ ಈ ಸ್ಥಿತಿಯನ್ನೇ ಮೊದಲು ಶಂಕಿಸಬೇಕು. ಎಸ್3ಕ್ಕೆ ಮರಳುವ ಅವಕಾಶ ಬಯಾಸಿನಲ್ಲಿ ಇಲ್ಲದಿದ್ದರೆ, ಮುಚ್ಚಳ ಮುಚ್ಚಿದೊಡನೆ ಹೈಬರ್ನೇಟ್ ಆಗುವಂತೆ ಹೊಂದಿಸುವುದೇ ನಂಬಬಹುದಾದ ದಾರಿ.

ತನ್ನ ನಿದ್ರೆಯ ವಿಷಯವಾಗಿ ಯಂತ್ರವೇ ಸಾಕ್ಷಿ ನುಡಿಯಬಲ್ಲದೆಂಬುದು ಬಹಳ ಜನರಿಗೆ ತಿಳಿದಿಲ್ಲ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಆಡಳಿತಾಧಿಕಾರದೊಂದಿಗೆ ತೆರೆದು, ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಮೂರು ಅಕ್ಷರಗಳನ್ನು ಅಂಟಿಸಿ, ಜಾಗ ಬಿಟ್ಟು ಓರೆಗೆರೆ ಹಾಗೂ ‘ಎ’ ಎಂದು ಇಂಗ್ಲಿಷಿನಲ್ಲಿ ಟೈಪು ಮಾಡಿದರೆ, ಆ ಯಂತ್ರ ಯಾವ ಯಾವ ನಿದ್ರಾಹಂತಗಳನ್ನು ಬಲ್ಲದು, ಯಾವುದು ಏಕೆ ಲಭ್ಯವಿಲ್ಲ ಎಂಬ ಪಟ್ಟಿ ಬರುತ್ತದೆ. ಏರಿಕೆಯ ನಂತರ ಸ್ಲೀಪ್ ಎಂಬ ಆಯ್ಕೆಯೇ ಮಾಯವಾಗಿರುವ ಯಂತ್ರಗಳಲ್ಲಿ ಈ ಪಟ್ಟಿ ಅನೇಕ ವೇಳೆ ಗ್ರಾಫಿಕ್ಸ್ ಡ್ರೈವರಿನತ್ತ ಬೆರಳು ಮಾಡುತ್ತದೆ. ಸರಿಯಾದ ಡ್ರೈವರ್ ಸಿಗದೆ ವಿಂಡೋಸ್ ತನ್ನ ಸಾಧಾರಣ ಡಿಸ್‌ಪ್ಲೇ ಡ್ರೈವರಿನಿಂದ ಕೆಲಸ ಸಾಗಿಸುತ್ತಿದ್ದು, ಅದಕ್ಕೆ ಯಂತ್ರವನ್ನು ಮಲಗಿಸಿ ಎಬ್ಬಿಸುವ ಶಕ್ತಿ ಇರುವುದಿಲ್ಲ. ತಯಾರಕರ ತಾಣದಿಂದ ಆ ಮಾದರಿಯ ಗ್ರಾಫಿಕ್ಸ್ ಡ್ರೈವರ್ ತಂದು ಹಾಕಿದರೆ ಆಯ್ಕೆ ಮರಳಿ ಬರುತ್ತದೆ.

ಆಯ್ಕೆ ಇದ್ದೂ ಯಂತ್ರ ಮಲಗದಿದ್ದರೆ, ಅದೇ ಆದೇಶದಲ್ಲಿ ‘ಎ’ ಬದಲು ‘ರಿಕ್ವೆಸ್ಟ್ಸ್’ ಎಂಬ ಪದ ಹಾಕಿದಾಗ, ಮಲಗದಂತೆ ತಡೆದಿರುವ ತಂತ್ರಾಂಶದ ಹೆಸರೇ ಕಾಣುತ್ತದೆ; ಧ್ವನಿಯ ಹರಿವನ್ನು ತೆರೆದಿಟ್ಟುಕೊಂಡ ಬ್ರೌಸರ್ ಇದಕ್ಕೆ ಸಾಮಾನ್ಯ ಉದಾಹರಣೆ. ಹೊತ್ತಲ್ಲದ ಹೊತ್ತಿನಲ್ಲಿ ಏಳುವ ಯಂತ್ರಕ್ಕೆ ‘ಲಾಸ್ಟ್‌ವೇಕ್’ ಮತ್ತು ‘ವೇಕ್‌ಟೈಮರ್ಸ್’ ಎಂಬ ಪದಗಳು ಉತ್ತರ ಕೊಡುತ್ತವೆ. ವಿಂಡೋಸಿನ ಸ್ವಯಂಚಾಲಿತ ನಿರ್ವಹಣೆಯ ವೇಳೆ ಮೂಲತಃ ನಸುಕಿನ 2 ಗಂಟೆಗೆ ನಿಗದಿಯಾಗಿರುತ್ತದೆ. ನೆಟ್‌ವರ್ಕ್ ಕಾರ್ಡು ತನಗೆ ಬಂದ ಯಾವುದೋ ಸಂಕೇತವನ್ನು ಕರೆಯೆಂದು ಭಾವಿಸಿ ಯಂತ್ರವನ್ನು ಎಬ್ಬಿಸಬಹುದು, ಮೇಜು ಅದುರಿದರೆ ಮೌಸ್ ಕೂಡ ಎಬ್ಬಿಸಬಹುದು. ಡಿವೈಸ್ ಮ್ಯಾನೇಜರಿನಲ್ಲಿ ಆಯಾ ಉಪಕರಣದ ಪವರ್ ಪುಟಕ್ಕೆ ಹೋಗಿ ಎಬ್ಬಿಸುವ ಅನುಮತಿಯ ಗುರುತನ್ನು ತೆಗೆದರೆ ಸಾಕು, ಕೀಲಿಮಣೆಗೆ ಮಾತ್ರ ಆ ಅನುಮತಿಯನ್ನು ಉಳಿಸಬೇಕು.

ಏಳದ ಯಂತ್ರದ ಪತ್ತೆ ಇವೆಲ್ಲಕ್ಕಿಂತ ಕಷ್ಟದ್ದು, ಏಕೆಂದರೆ ಬಿದ್ದ ಕ್ಷಣದ ದಾಖಲೆ ಉಳಿದಿರುವುದಿಲ್ಲ. ಇಲ್ಲಿ ಕ್ರಮವರಿತ ತಾಳ್ಮೆ ಬೇಕು: ಹೊರಗಿನ ಉಪಕರಣಗಳನ್ನೆಲ್ಲ ಕಳಚಿ ಮಲಗಿಸಿ ಎಬ್ಬಿಸುವುದು, ಎದ್ದರೆ ಒಂದೊಂದನ್ನೇ ಮರಳಿ ಜೋಡಿಸಿ ಪರೀಕ್ಷಿಸುವುದು, ಏಳದಿದ್ದರೆ ಗ್ರಾಫಿಕ್ಸ್, ಚಿಪ್‌ಸೆಟ್, ಬಯಾಸ್‌ಗಳನ್ನು ಈ ಅನುಕ್ರಮದಲ್ಲಿ ಪರಿಷ್ಕರಿಸುವುದು. ಗ್ರಾಮಒನ್‌ನಂಥ ಕೇಂದ್ರಗಳಲ್ಲಿ ಬಳಸುವ ಬೆರಳಚ್ಚು ಸಾಧನ ನಿದ್ರೆಯಿಂದ ಎದ್ದ ಮೇಲೆ ಕೆಲಸ ಮಾಡದಿದ್ದರೆ, ಬಳಕೆಯಿಲ್ಲದ ಯುಎಸ್‌ಬಿ ಕಿಂಡಿಗಳ ವಿದ್ಯುತ್ತನ್ನು ಕಡಿತಗೊಳಿಸುವ ‘ಸೆಲೆಕ್ಟಿವ್ ಸಸ್ಪೆಂಡ್’ ಎಂಬ ಆಯ್ಕೆಯನ್ನು ನಿಲ್ಲಿಸಿ ನೋಡಬೇಕು. ಇದರ ಜೊತೆಗೆ ನೆನಪಿಡಬೇಕಾದ ಸಂಗತಿಯೆಂದರೆ, ವಿಂಡೋಸ್ 8ರಿಂದೀಚೆಗೆ ‘ಫಾಸ್ಟ್ ಸ್ಟಾರ್ಟಪ್’ ಚಾಲ್ತಿಯಲ್ಲಿರುವ ಯಂತ್ರಗಳಲ್ಲಿ ಶಟ್‌ಡೌನ್ ಎಂಬುದು ಪೂರ್ಣ ಸ್ಥಗಿತವಾಗಿ ಉಳಿದಿಲ್ಲ. ವ್ಯವಸ್ಥೆಯ ತಿರುಳು ಮತ್ತು ಡ್ರೈವರುಗಳ ಸ್ಥಿತಿ ಡಿಸ್ಕಿನಲ್ಲಿ ಉಳಿದು ಮರುದಿನ ಹಾಗೆಯೇ ಮರಳುತ್ತದೆ. ಪ್ರತಿ ಬದಲಾವಣೆಯ ನಂತರ ರೀಸ್ಟಾರ್ಟ್ ಮಾಡಿದಾಗ ಮಾತ್ರ ಹೊಸ ಡ್ರೈವರ್ ನಿಜವಾಗಿ ಮೊದಲಿನಿಂದ ಆರಂಭವಾಗುತ್ತದೆ.

ಲಿನಕ್ಸ್ ಬಳಸುವಲ್ಲಿ, ಉದಾಹರಣೆಗೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನೂ ಒಳಗೊಂಡು ಕೇರಳದ ಶಾಲೆಗಳಿಗೆ ಅಲ್ಲಿನ ಕೈಟ್ ಸಂಸ್ಥೆ ಒದಗಿಸುವ ಉಬುಂಟು ಆಧಾರಿತ ವ್ಯವಸ್ಥೆಯಲ್ಲಿ, ಹೆಸರುಗಳು ಬೇರೆಯಾದರೂ ತತ್ತ್ವ ಇದೇ.

ಎಲ್ಲ ಗಣಕಗಳೂ ಮಲಗಬೇಕೆಂದಿಲ್ಲ. ಗೌರಿಬಿದನೂರಿನ ಬಳಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು ಜೊತೆಗೂಡಿ 1976ರಲ್ಲಿ ಆರಂಭಿಸಿದ ರೇಡಿಯೊ ವೀಕ್ಷಣಾಲಯದಲ್ಲಿ 1997ರಿಂದ ಸೂರ್ಯನ ಹೊರವಲಯವಾದ ಕರೋನಾದ ರೇಡಿಯೊ ಚಿತ್ರಗಳನ್ನು ತೆಗೆಯಲಾಗುತ್ತಿದೆ. ಅದೇ ತಾಲ್ಲೂಕಿನಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಕಂಪನಮಾಪಕ ಜಾಲವು ದೂರದ ಭೂಕಂಪಗಳನ್ನೂ ಭೂಗತ ಅಣುಸ್ಫೋಟಗಳನ್ನೂ ಗುರುತಿಸಲು ದಶಕಗಳಿಂದ ನೆಲಕ್ಕೆ ಕಿವಿಗೊಟ್ಟಿದೆ. ಸೌರಸ್ಫೋಟವಾಗಲಿ ಭೂಕಂಪವಾಗಲಿ ಮುನ್ಸೂಚನೆ ಕೊಟ್ಟು ಬರುವುದಿಲ್ಲವಾದ್ದರಿಂದ, ನಿರಂತರ ದಾಖಲೆಯ ಕೆಲಸಕ್ಕೆ ನಿಲ್ಲಿಸಿದ ಯಾವುದೇ ಗಣಕ ಅರೆಕ್ಷಣ ಮಲಗಿದರೂ ಕಳೆದುಹೋದುದು ಮತ್ತೆ ಸಿಗುವುದಿಲ್ಲ. ಅಂಥ ಯಂತ್ರಗಳಲ್ಲಿ ನಿದ್ರೆಯನ್ನು ಪೂರ್ತಿ ನಿಷೇಧಿಸಿರಬೇಕು. ಏರಿಕೆಯ ನಂತರ ಆ ನಿಷೇಧ ಹಾಗೆಯೇ ಉಳಿದಿದೆಯೇ ಎಂದು ಮೊದಲು ನೋಡಬೇಕು.

ಕಚೇರಿ, ಅಂಗಡಿ, ಮನೆಗಳ ಸಂಗತಿ ಬೇರೆ. 60 ವಾಟ್ ಬಳಸುವ ಯಂತ್ರವನ್ನು ಸಂಜೆಯಿಂದ ಬೆಳಗಿನವರೆಗೆ 16 ಗಂಟೆ ಎಚ್ಚರವಾಗಿಟ್ಟರೆ ಹೆಚ್ಚುಕಡಿಮೆ ಒಂದು ಯೂನಿಟ್ ವಿದ್ಯುತ್ತು ವ್ಯರ್ಥವಾಗುತ್ತದೆ, ಅದೇ ಯಂತ್ರ ಎಸ್3ರಲ್ಲಿದ್ದರೆ ಬೇಕಾಗುವುದು ಕೆಲವೇ ವಾಟ್. ಆದರೆ ಆಗಾಗ ಕರೆಂಟು ಹೋಗುವ ಹಳ್ಳಿಗಳಲ್ಲಿ, ಯುಪಿಎಸ್ ಬ್ಯಾಟರಿ ಸೊರಗಿರುವ ಕಡೆ, ಬರಿಯ ಎಸ್3ನ್ನು ನೆಚ್ಚುವುದು ಸರಿಯಲ್ಲ. ಡೆಸ್ಕ್‌ಟಾಪುಗಳಿಗೆಂದೇ ಇರುವ ಹೈಬ್ರಿಡ್ ಸ್ಲೀಪ್ ಎಂಬ ಆಯ್ಕೆಯಲ್ಲಿ ರ‍್ಯಾಮ್‌ನ ಒಂದು ಪ್ರತಿಯನ್ನು ಡಿಸ್ಕಿನಲ್ಲೂ ಬರೆದಿಡಲಾಗುವುದರಿಂದ, ವಿದ್ಯುತ್ತು ಇದ್ದರೆ ಯಂತ್ರ ಥಟ್ಟನೆ ಏಳುತ್ತದೆ, ಹೋಗಿಬಂದಿದ್ದರೆ ಡಿಸ್ಕಿನಿಂದ ನಿಧಾನವಾಗಿ ಏಳುತ್ತದೆ. ಚಿಕ್ಕಬಳ್ಳಾಪುರದಂಥ ಜಿಲ್ಲೆಯ ಸಣ್ಣ ಕಚೇರಿಗಳಿಗೆ ಇದಕ್ಕಿಂತ ಒಪ್ಪುವ ಏರ್ಪಾಡು ಇನ್ನೊಂದಿಲ್ಲ. ವ್ಯವಸ್ಥೆಯನ್ನು ಏರಿಸಿಕೊಡುವ ತಂತ್ರಜ್ಞರು ಏರಿಕೆಗೆ ಮುನ್ನ ನಿದ್ರಾಹಂತಗಳ ಪಟ್ಟಿಯನ್ನು ಬರೆದಿಟ್ಟುಕೊಂಡು, ನಂತರ ಎಲ್ಲ ಉಪಕರಣಗಳನ್ನೂ ಜೋಡಿಸಿ ಯಂತ್ರವನ್ನು ಮಲಗಿಸಿ ಎಬ್ಬಿಸಿ, ಇನ್ನೊಮ್ಮೆ ಪರೀಕ್ಷೆಗೆಂದೇ ತೆರೆದ ಕಡತದೊಂದಿಗೆ ಮಲಗಿಸಿ ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿದ ಮೇಲೆಯೇ ಯಂತ್ರವನ್ನು ಒಪ್ಪಿಸಬೇಕು. ಆ ಪರೀಕ್ಷೆಯನ್ನು ಕಣ್ಣಾರೆ ಕಾಣದೆ ಕಚೇರಿಯವರು ಯಂತ್ರವನ್ನು ಹಿಂದಕ್ಕೆ ಪಡೆಯಬಾರದು.