ಬೀಜವೂ ನೆಲವೂ

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್, ಸ್ತನದ ಕ್ಯಾನ್ಸರಿನಿಂದ ಮಡಿದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ಈ ರೋಗವು ಕಂಡಕಂಡಲ್ಲಿ ಬೇರೂರುವುದಿಲ್ಲವೆಂದು ವಾದಿಸಿದನು. ಬೀಜಕ್ಕೆ ತಕ್ಕ ನೆಲ ಬೇಕು. ಮೂಳೆಯು ಅಂಥದೊಂದು ನೆಲ. ಹೊಲದ ಪರಿಚಯವುಳ್ಳ ಕೇಳುಗರಿಗೆ ಇದು ಹೊಸ ಮಾತೇನಲ್ಲ! ಆದರೂ ವಿಜ್ಞಾನಿಗಳು ಬಹುಕಾಲ ಬೀಜವೊಂದನ್ನೇ ಸಪಾಟಾದ ತಟ್ಟೆಗಳಲ್ಲಿ ಬೆಳೆಸಿ ಮದ್ದುಗಳನ್ನು ಪರೀಕ್ಷಿಸಿದರು.

ಮೂಳೆ ಜಡವಸ್ತುವಲ್ಲ. ಅದನ್ನು ಕರಗಿಸುವ ಜೀವಕೋಶಗಳೂ ಕಟ್ಟುವ ಜೀವಕೋಶಗಳೂ ಅಲ್ಲಿ ಸದಾ ದುಡಿಯುತ್ತಿರುತ್ತವೆ. ಸ್ತನದಿಂದ ಬಂದ ಕ್ಯಾನ್ಸರ್ ಕೋಶಗಳು ಕರಗಿಸುವವುಗಳನ್ನು ಕೆರಳಿಸುತ್ತವೆ. ಕರಗಿದ ಮೂಳೆಯಿಂದ ಹೊರಬಿದ್ದ ಪೋಷಕದ್ರವ್ಯಗಳು ಕ್ಯಾನ್ಸರಿಗೇ ಉಣಿಸಾಗುತ್ತವೆ. ಈ ಕೊಡುಕೊಳೆ ಬರಿಯ ತಟ್ಟೆಯಲ್ಲಿ ಕಾಣದು. ಆದ್ದರಿಂದ ಇಂದು ಪ್ರಯೋಗಶಾಲೆಗಳಲ್ಲಿ ಕೊಲಾಜನ್, ಕ್ಯಾಲ್ಸಿಯಂ ಫಾಸ್ಫೇಟುಗಳಿಂದ ರಂಧ್ರಮಯವಾದ ಹಂದರವನ್ನು ಕಟ್ಟಿ, ಮೂಳೆಯ ಕೋಶಗಳನ್ನು ಅದರಲ್ಲಿ ನೆಲೆಗೊಳಿಸಿ, ಅನಂತರ ಕ್ಯಾನ್ಸರ್ ಕೋಶಗಳನ್ನು ಬಿಡುತ್ತಾರೆ. ಹಂದರವು ದೇಹವಲ್ಲ, ನಿಜ; ಆದರೂ ತಟ್ಟೆಯಲ್ಲಿ ಮದ್ದಿಗೆ ಮಣಿದ ಕೋಶಗಳು ಇಲ್ಲಿ ಅನೇಕವೇಳೆ ಮಣಿಯದಿರುವುದು ರೋಗಿಗೆ ಮದ್ದು ಕೊಡುವ ಮೊದಲೇ ತಿಳಿಯುತ್ತದೆ.