ಗುಜರಿ ತಗಡಿನಲ್ಲಿ ಅಡಗಿರುವ ಜ್ಯಾಮಿತಿ: 30 ದಿನದಲ್ಲಿ 27 ಶಿಲ್ಪ ಮಾಡಿದ ವೆಲ್ಡರ್ ಕಥೆ

ಪುಣೆಯ ಭೋಸರಿ, ಚೆನ್ನೈನ ಅಂಬತ್ತೂರಿನಂಥ ಕೈಗಾರಿಕಾ ಪ್ರದೇಶಗಳಲ್ಲಿ ಓಡಾಡುವವರು ಸಾಲು ಸಾಲು ದುಂಡು ತೂತುಗಳಿರುವ ಉಕ್ಕಿನ ಪಟ್ಟಿಗಳನ್ನು ನೋಡಿರಬಹುದು. ಪ್ರೆಸ್ ಯಂತ್ರ ವಾಷರ್, ಮುಚ್ಚಳಗಳನ್ನು ಕತ್ತರಿಸಿಕೊಂಡ ಮೇಲೆ ಉಳಿಯುವ ತಗಡು ಅದು. ಕಾರ್ಖಾನೆಗೆ ತ್ಯಾಜ್ಯ, ಗುಜರಿಯವರಿಗೆ ಕೆಜಿ ಲೆಕ್ಕದ ಮಾಲು. ಶಿಲ್ಪಿಯ ಕೈಗೆ ಸಿಕ್ಕರೆ ಅರ್ಧ ಕೆಲಸ ಆಗಲೇ ಮುಗಿದಂತೆ.

ಹೇಗೆ ಅಂತೀರಾ? ದುಂಡು ಬಿಲ್ಲೆಗಳನ್ನು ಚೌಕದ ಲೆಕ್ಕದಲ್ಲಿ ಒಂದಕ್ಕೊಂದು ತಾಗುವಂತೆ ಕತ್ತರಿಸಿದರೂ ತಗಡಿನ ಶೇ. 21.5 ಭಾಗ ಉಳಿದುಬಿಡುತ್ತದೆ. ಜೇನುಗೂಡಿನಂತೆ ಸಾಲುಗಳನ್ನು ಸರಿಸಿ ಜೋಡಿಸಿದರೆ ಶೇ. 9.3ಕ್ಕೆ ಇಳಿಯುತ್ತದೆ. ಒಂದೇ ಅಳತೆಯ ವೃತ್ತಗಳಿಂದ ಅದಕ್ಕಿಂತ ಉಳಿತಾಯ ಗಣಿತದಲ್ಲೇ ಸಾಧ್ಯವಿಲ್ಲ. ತೂತುಗಳ ನಡುವೆ ಅಂತರ ಬಿಡಲೇಬೇಕಾದ್ದರಿಂದ ಯಂತ್ರದಲ್ಲಿ ಇನ್ನೂ ಹೆಚ್ಚೇ ಉಳಿಯುತ್ತದೆ. ಹೀಗೆ ಉಳಿದದ್ದರಲ್ಲಿ ಕಮಾನು, ಕೋನ, ಲಯ ಎಲ್ಲವೂ ಇವೆ.

ಇದನ್ನು ಚೆನ್ನಾಗಿ ಅರಿತವರು ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್. ಯೌವನದಲ್ಲಿ ಸ್ಟುಡ್‌ಬೇಕರ್ ಕಾರು ಕಾರ್ಖಾನೆಯಲ್ಲಿ ದುಡಿದವರು, ಎರಡನೇ ಮಹಾಯುದ್ಧದ ಸಮಯದಲ್ಲಿ ವೆಲ್ಡರ್ ಆಗಿದ್ದವರು. 1962ರಲ್ಲಿ ಇಟಲಿಯ ಸ್ಪೊಲೆಟೊ ಉತ್ಸವಕ್ಕೆ ಒಂದೆರಡು ಶಿಲ್ಪ ಮಾಡಿಕೊಡಿ ಎಂದು ಕರೆದರೆ, ಜಿನೋವಾ ಸಮೀಪದ ವೋಲ್ಟ್ರಿಯಲ್ಲಿ ಬಾಗಿಲು ಮುಚ್ಚಿದ್ದ ಉಕ್ಕಿನ ಕಾರ್ಖಾನೆಯೊಂದರಲ್ಲಿ ಕೂತು 30 ದಿನದಲ್ಲಿ 27 ಮಾಡಿಬಿಟ್ಟರು! ಕತ್ತರಿಸಿ ಬಿಟ್ಟ ತಗಡಿನ ಅಂಚು, ಚಕ್ರ, ಕಾರ್ಮಿಕರು ಬಿಟ್ಟುಹೋದ ಇಕ್ಕಳ ಎಲ್ಲವನ್ನೂ ಬಳಸಿದರು. ಕೆಲಸ ನಿಂತುಹೋದ ಜಾಗದ ಗುರುತು ಆ ಶಿಲ್ಪಗಳಲ್ಲಿ ಹಾಗೇ ಉಳಿದಿದೆ. ಮಿಕ್ಕ ಸಾಮಾನನ್ನು ಹಡಗಿನಲ್ಲಿ ಅಮೆರಿಕಕ್ಕೆ ತರಿಸಿಕೊಂಡು 'ವೋಲ್ಟ್ರಿ-ಬೋಲ್ಟನ್' ಎಂಬ ಇನ್ನೊಂದು ಸರಣಿ ಮಾಡಿದರು.

ದೆಹಲಿಯ ಸರಾಯ್ ಕಾಲೇ ಖಾನ್‌ನಲ್ಲಿ 2019ರಲ್ಲಿ ತೆರೆದ 'ವೇಸ್ಟ್ ಟು ವಂಡರ್' ಉದ್ಯಾನವನ್ನು ಅಲ್ಲಿನ ಓದುಗರು ನೋಡಿರುತ್ತೀರಿ. ಅಲ್ಲಿ ಗುಜರಿ ತಾಜ್ ಮಹಲ್‌ನ ವೇಷ ಹಾಕುತ್ತದೆ. ಸೆಲ್ಫಿಗೇನೋ ಚೆಂದ. ಸ್ಮಿತ್ ಗುಜರಿಯನ್ನು ಗುಜರಿಯಾಗಿಯೇ ನಿಲ್ಲಿಸಿದರು. ಈ ಬರಹಗಾರ್ತಿಯ ಮತ ಅವರಿಗೇ.

ನೀವೂ ಮಾಡಿನೋಡುವುದಾದರೆ ಮೊದಲು ತುಂಡುಗಳನ್ನು ನೆಲದ ಮೇಲೆ ಹರಡಿ, ಜಾಗ ಬದಲಿಸಿ ನೋಡಿ. ವೆಲ್ಡಿಂಗ್ ಆಮೇಲೆ. ಅಂಚು ಬ್ಲೇಡಿನಷ್ಟು ಚೂಪು, ದಪ್ಪ ಕೈಗವಸು ಬೇಕೇ ಬೇಕು. ಸತುವಿನ ಲೇಪ ಇರುವ ಜಿಐ ತಗಡನ್ನು ಹಾಗೇ ವೆಲ್ಡ್ ಮಾಡಬೇಡಿ. ಅದರ ಬಿಳಿ ಹೊಗೆ ಕುಡಿದವರಿಗೆ ಕೆಲವೇ ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ.